ಬ್ರೌಸರಿನಲ್ಲಿ ಯಾವ ಸ್ಥಿತಿ ಆಯ್ದರೂ ಸರ್ವರಿನಲ್ಲಿ ಇನಮ್‌ನ ಮೊದಲ ಮೌಲ್ಯವೇ ಉಳಿಯುವುದೇಕೆ?

ಇನಮ್ ಎಂದರೆ ಒಂದೊಂದು ಹೆಸರಿಗೂ ಒಂದೊಂದು ಅಂಕೆ ಇರುವ ಮೌಲ್ಯಗಳ ಪಟ್ಟಿ. ನೀವು ವಿವರಿಸಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಹೊಸ ಆರ್ಡರ್ ಸೇರಿಸುವ ಪುಟದಿಂದ ಸ್ಥಿತಿಯನ್ನು ‘ಶಿಪ್ಡ್’ ಎಂದು ಕಳಿಸಿದರೆ ಡಾಟ್ ನೆಟ್ ಸರ್ವರ್ 400 ದೋಷ (ಕಳಿಸಿದ್ದು ಸರಿಯಿಲ್ಲ ಎಂಬ ಉತ್ತರ) ಕೊಡುತ್ತದೆ. ಆರ್ಡರ್ ತಿದ್ದುವ ಪುಟದಿಂದ ಕಳಿಸಿದರೆ ದೋಷವೇನೂ ಇಲ್ಲ, ಆದರೆ ಏನು ಆಯ್ದರೂ ‘ಪೆಂಡಿಂಗ್’ ಎಂದೇ ಉಳಿಯುತ್ತದೆ. ಮೊದಲನೆಯದು ನಿಮ್ಮನ್ನು ಹೆಚ್ಚು ಕಾಡಿದೆ ಎಂದು ಬರೆದಿದ್ದೀರಿ. ನನಗೆ ಭಯ ಹುಟ್ಟಿಸುವುದು ಎರಡನೆಯದು.

400ರ ಕಾರಣ ಸರಳ. ಪುಟ ಮತ್ತು ಸರ್ವರ್ ನಡುವೆ ಮಾಹಿತಿ ಹೋಗುವುದು ಜೇಸನ್ ಎಂಬ ಪಠ್ಯರೂಪದಲ್ಲಿ. ಜೇಸನ್‌ನಲ್ಲಿ ಇನಮ್ ಎಂಬ ಬಗೆಯೇ ಇಲ್ಲ. ಪಠ್ಯವಾಗಿಯೋ ಅಂಕೆಯಾಗಿಯೋ ಅದು ಹೋಗಬೇಕು. ಸರ್ವರಿನಲ್ಲಿ ಜೇಸನ್ ಓದುವ ಲೈಬ್ರರಿಯಾದ ಸಿಸ್ಟಂ ಡಾಟ್ ಟೆಕ್ಸ್ಟ್ ಡಾಟ್ ಜೇಸನ್ ತಾನಾಗಿ ಇನಮ್ ಅನ್ನು ಅಂಕೆ ಎಂದೇ ನಂಬುತ್ತದೆ. ಪಠ್ಯ ಬಂದರೆ ತಿರಸ್ಕರಿಸುತ್ತದೆ.

ತಿದ್ದುವ ಪುಟದ ವಿಷಯಕ್ಕೆ ಬರೋಣ. ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ ನಿಜವಾಗಿ ಏನು ಹೋಗುತ್ತಿದೆ ನೋಡಿ. ನೀವು ಹಾಕಿರುವ ಕೋಡಿನ ಪ್ರಕಾರ ಪುಟ ಕಳಿಸುವ ಹೆಸರು ‘ಸ್ಟೇಟಸ್’, ಸರ್ವರಿನ ಕ್ಲಾಸಿನಲ್ಲಿರುವುದು ‘ಆರ್ಡರ್‌ಸ್ಟೇಟಸ್’. ಗೊತ್ತಿಲ್ಲದ ಹೆಸರನ್ನು ಸರ್ವರ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಬಾರದೇ ಹೋದ ಇನಮ್‌ಗೆ ಸೊನ್ನೆ ತುಂಬಿಕೊಳ್ಳುತ್ತದೆ. ನಿಮ್ಮಲ್ಲಿ ಸೊನ್ನೆ ಎಂದರೆ ‘ಪೆಂಡಿಂಗ್’. ಅದರ ಮೇಲೆ ‘ರಿಕ್ವೈರ್ಡ್’ (ಕಡ್ಡಾಯ) ಗುರುತು ಹಾಕಿದ್ದೀರಿ ನಿಜ, ಆದರೆ ಖಾಲಿ ಇರಲು ಸಾಧ್ಯವೇ ಇಲ್ಲದ ಬಗೆಗೆ ಆ ಗುರುತು ಏನನ್ನೂ ತಡೆಯುವುದಿಲ್ಲ. ಸೊನ್ನೆಯೂ ಒಂದು ಮೌಲ್ಯವೇ. ಆ ಇನಮ್ ಅನ್ನು ನಲ್ (ಖಾಲಿ) ಆಗಬಲ್ಲದ್ದಾಗಿ ಮಾಡಿ, ಆಗ ಗುರುತು ಕೆಲಸ ಮಾಡುತ್ತದೆ. ಹೆಸರುಗಳನ್ನು ಎರಡೂ ಕಡೆ ಒಂದೇ ಮಾಡಿ.

ಇಷ್ಟಕ್ಕೆ ‘ಪೆಂಡಿಂಗ್’ ತೊಂದರೆ ತೀರುತ್ತದೆ, ಉಳಿಯುವುದು 400. ಆದರೆ 400 ತಪ್ಪಿಸಲು ಎಲ್ಲ ಕಡೆ ಅಂಕೆಯನ್ನೇ ಕಳಿಸುತ್ತೇನೆ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ದಯವಿಟ್ಟು ಹಾಗೆ ಮಾಡಬೇಡಿ.

ನಾನು ಬಾಗಲಕೋಟೆಯಲ್ಲಿ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರಿಗೆ ಆರ್ಡರ್ ತೆಗೆದುಕೊಳ್ಳುವ ತಾಣ ಕಟ್ಟಿದ್ದೆವು. ದಡಿಯ ಬಗೆಗೆ ಒಂದು ಇನಮ್: ಚಿಕ್ಕಿ 0, ಗೋಮಿ 1, ಜರಿ 2. ಪುಟದಿಂದ ಸರ್ವರಿಗೆ ಅಂಕೆಯೇ ಹೋಗುತ್ತಿತ್ತು. ಒಂದು ದಿನ ಸರ್ವರಿನ ಪಟ್ಟಿಯಲ್ಲಿ ಚಿಕ್ಕಿಯ ಕೆಳಗೆ ಗಾಯತ್ರಿ ದಡಿ ಸೇರಿತು. ಪುಟದ ಕೋಡನ್ನು ಯಾರೂ ಮುಟ್ಟಲಿಲ್ಲ. ಎರಡೂ ಕಡೆ ಕಂಪೈಲ್ ಆಯಿತು, ಪರೀಕ್ಷೆಗಳೂ ದಾಟಿದವು. ಗ್ರಾಹಕರು ಗೋಮಿ ಕೇಳಿದರೆ 1 ಹೋಯಿತು, ಸರ್ವರ್ ಅದನ್ನು ಗಾಯತ್ರಿ ಎಂದು ಓದಿತು. ದಡಿಯ ನೂಲು ಹಾಸಿನಲ್ಲೇ (ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳಲ್ಲೇ) ಇರುತ್ತದೆ. ಮಗ್ಗಕ್ಕೆ ಹಾಸು ಏರಿದ ಮೇಲೆ ದಡಿ ಬದಲಿಸುವಂತಿಲ್ಲ. ನಮಗೆ ತಿಳಿಯುವಷ್ಟರಲ್ಲಿ ನೇಕಾರರ ಮನೆಯ ಕುಣಿಮಗ್ಗದಲ್ಲಿ ಯಾರೂ ಕೇಳದ ಸೀರೆ ಅರ್ಧ ನೇಯ್ದಾಗಿತ್ತು. ಆ ಮನೆಯ ಹಿರಿಯರು ನನ್ನನ್ನು ಬೈಯಲಿಲ್ಲ. ಚೀಟಿಯಲ್ಲಿ ಬರೆದದ್ದನ್ನೇ ನೇಯ್ದಿದ್ದೇನೆ ಎಂದಷ್ಟೇ ಹೇಳಿದರು. ಚೀಟಿಯನ್ನು ಮುದ್ರಿಸಿದ್ದು ನಮ್ಮ ಕೋಡು. ಅಂದಿನಿಂದ ಪುಟಕ್ಕೂ ಸರ್ವರಿಗೂ ನಡುವೆ ಹೆಸರೇ ಹೋಗಬೇಕೆಂದು ಪಟ್ಟು ಹಿಡಿಯುತ್ತೇನೆ.

ಅದಕ್ಕೆ ‘ಜೇಸನ್ ಸ್ಟ್ರಿಂಗ್ ಇನಮ್ ಕನ್ವರ್ಟರ್’ ಇದೆ. ಕಂಟ್ರೋಲರ್‌ಗಳನ್ನು ಸೇರಿಸುವ ಸಾಲಿನಲ್ಲೇ ಜೇಸನ್ ಆಯ್ಕೆಗಳಿಗೆ ಅದನ್ನು ಕೂಡಿಸಿ. ಮಿನಿಮಲ್ ಎಪಿಐ (ಕಂಟ್ರೋಲರ್ ಇಲ್ಲದೆ ವಿನಂತಿಗೆ ಉತ್ತರಿಸುವ ವಿಧಾನ) ಕೂಡ ಬಳಸುತ್ತಿದ್ದರೆ ಅದರ ಆಯ್ಕೆಗಳು ಬೇರೆ, ಅಲ್ಲಿಯೂ ಕೂಡಿಸಬೇಕು. ಈ ಕನ್ವರ್ಟರ್ ತಾನಾಗಿ ಅಂಕೆಗಳನ್ನೂ ಒಪ್ಪುತ್ತದೆ. ‘ಅಲೋ ಇಂಟಿಜರ್ ವ್ಯಾಲ್ಯೂಸ್’ ಅನ್ನು ಫಾಲ್ಸ್ ಮಾಡಿ ಆ ಬಾಗಿಲನ್ನೂ ಮುಚ್ಚಿ. ಆಮೇಲೆ ಸರ್ವರಿನ ಉತ್ತರಗಳಲ್ಲೂ ಹೆಸರೇ ಬರುವುದರಿಂದ, ಅಂಕೆಗೆ ಹೋಲಿಸುವ ನಿಮ್ಮ ಪುಟದ ಟೈಪ್‌ಸ್ಕ್ರಿಪ್ಟ್ ಸಾಲುಗಳು ಸದ್ದಿಲ್ಲದೆ ಸುಳ್ಳಾಗುತ್ತವೆ. ಪುಟದ ಇನಮ್ ಅನ್ನೂ ಅದೇ ದಿನ ಪಠ್ಯದ ಮೌಲ್ಯಗಳಿಗೆ ಬದಲಿಸಿ. ಟೈಪ್‌ಸ್ಕ್ರಿಪ್ಟಿನ ಬಗೆಗಳು ಓಡುವ ಹೊತ್ತಿಗೆ ಅಳಿಸಿಹೋಗಿರುತ್ತವೆ, ಬಂದ ಉತ್ತರವನ್ನು ಅವು ಪರೀಕ್ಷಿಸುವುದಿಲ್ಲ.

ಡೇಟಾಬೇಸಿನಲ್ಲಿ ಅಂಕೆ ಇರಲಿ ಎನ್ನುವುದಾದರೆ ಪ್ರತಿ ಹೆಸರಿನ ಮುಂದೆ ಅಂಕೆಯನ್ನು ಕೈಯಾರೆ ಬರೆಯಿರಿ. ಹೊಸದಕ್ಕೆ ಹೊಸ ಅಂಕೆ ಕೊಡಿ, ಹಳೆಯದನ್ನು ಮರುಬಳಸಬೇಡಿ. ಮುಂದೆ ಹೊಸ ಇನಮ್ ಬರೆಯುವಾಗ ಸೊನ್ನೆಗೆ ‘ಅನ್‌ನೋನ್’ ಎಂದಿಡಿ.

ಕನ್ನಡ ಪದವನ್ನೇ ಮೌಲ್ಯವಾಗಿ ಕಳಿಸಬಹುದೇ ಎಂದೂ ಕೇಳಿದ್ದೀರಿ. ತಾಯ್ನುಡಿಯ ಮೇಲಿನ ಪ್ರೀತಿ ನನಗೂ ಇದೆ, ಆದರೆ ಇಲ್ಲಿ ಬೇಡ. ‘ಗೋಮಿ’ಯಲ್ಲಿರುವ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬಿಡಿ ಭಾಗಗಳ ಜೋಡಣೆಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಸರ್ವರಿಗೆ ಬೇರೆ ಬೇರೆ. ಕಣ್ಣಿಗೆ ಕಾಣದ ಜೋಡಣೆ ತಡೆಯುವ ಸಂಕೇತಗಳೂ ಪದದೊಳಗೆ ಸೇರಿಕೊಂಡಿರುತ್ತವೆ. ಕಳಿಸುವ ಹೆಸರು ಸರಳ ಲ್ಯಾಟಿನ್ ಅಕ್ಷರಗಳಲ್ಲಿರಲಿ, ಓದುಗರಿಗೆ ತೋರಿಸುವ ಕನ್ನಡ ಪದಗಳ ಪಟ್ಟಿ ಪುಟದಲ್ಲಿ ಬೇರೆಯಾಗಿರಲಿ.

ಎಲ್ಲ ಮುಗಿದ ಮೇಲೆ ಸ್ಥಿತಿಯ ಜಾಗದಲ್ಲಿ 99 ಹಾಕಿ ಒಮ್ಮೆ ಕಳಿಸಿ, ಇನ್ನೊಮ್ಮೆ ಸ್ಥಿತಿಯನ್ನೇ ಬಿಟ್ಟು ಕಳಿಸಿ. ಎರಡು ಸಲವೂ 400 ಬರಬೇಕು. ಒಂದರಲ್ಲಾದರೂ 200 (ಎಲ್ಲ ಸರಿ ಎಂಬ ಉತ್ತರ) ಬಂದರೆ ಕೋಡನ್ನು ಇಲ್ಲಿ ಹಾಕಿ, ಮತ್ತೆ ನೋಡುತ್ತೇನೆ.