‘ಅದು ಬೇಕಂತಲೇ ಮಾಡ್ತದೆ’

ಬೆಕ್ಕಿನ ವಿಷಯ ಮಾತಾಡಲಿಕ್ಕೆ ಅಂತ ಯಾರೂ ಕೌಟುಂಬಿಕ ಆಪ್ತಸಲಹೆಗೆ ಬರುವುದಿಲ್ಲ. ಗಂಡ ಮಾತು ಬಿಟ್ಟಿದ್ದಾನೆ, ಅತ್ತೆ ಚುಚ್ಚುತ್ತಾರೆ, ಮಗ ಬಾಗಿಲು ಹಾಕಿಕೊಂಡು ಕೂರುತ್ತಾನೆ ಎಂದು ಶುರುವಾಗುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಎಲ್ಲೋ ನಡುವೆ ‘ಇದರ ಮೇಲೆ ಆ ಬೆಕ್ಕು ಬೇರೆ’ ಎಂಬ ಮಾತು ಬೀಳುತ್ತದೆ. ಕಾರವಾರದಲ್ಲಿ ಮಳೆಗಾಲ ಹಿಡಿದರೆ ಫ್ಲ್ಯಾಟಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿರುತ್ತವೆ. ಹಾಸಿಗೆ ಒದ್ದೆಯಾದರೆ ವಾರವಾದರೂ ಒಣಗುವುದಿಲ್ಲ. ಆ ದಿನಗಳಲ್ಲಿ ಈ ಮಾತನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಆದ್ದರಿಂದ ಒಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಶಿರಸಿ ಕಡೆಯ ಮನೆತನ. ಗಂಡನಿಗೆ ಕಾರವಾರದಲ್ಲಿ ನೌಕರಿ, ಎರಡು ಕೋಣೆಯ ಫ್ಲ್ಯಾಟು, ಸಂತಾನಹರಣದ ಆಪರೇಶನ್ ಮಾಡಿಸಿದ ಒಂದು ಗಂಡು ಬೆಕ್ಕು. ಮಾವ ತೀರಿಕೊಂಡ ಮೇಲೆ ಅತ್ತೆ ತೋಟದ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದರು. ಬಂದ ಸ್ವಲ್ಪ ದಿನಕ್ಕೇ ಬೆಕ್ಕು ಲಿಟರ್ ಟ್ರೇ (ಅದರ ಮಲಮೂತ್ರಕ್ಕೆಂದು ‘ಲಿಟರ್’ ಎಂಬ ಹರಳುಪುಡಿ ತುಂಬಿಟ್ಟ ತಟ್ಟೆ) ಬಿಟ್ಟು ಅತ್ತೆಯ ಹತ್ತಿ ಹಾಸಿಗೆಯ ಮೇಲೆ ಉಚ್ಚೆ ಹೊಯ್ಯತೊಡಗಿತು. ಮಗ ಅದರ ಕುತ್ತಿಗೆ ಹಿಡಿದು ಮೂತಿಯನ್ನು ಒದ್ದೆಗೆ ಒತ್ತಿ ‘ಬುದ್ಧಿ ಕಲಿಸಿದ’. ಸೊಸೆ ಅಡ್ಡ ಬಂದಳು. ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರುಕಟ್ಟೆ ಹತ್ತಿರ ಬಿಟ್ಟು ಬರುವ ಮಾತೂ ಬಂತು. ಅಲ್ಲಿಂದ ಮುಂದಿನದು ಬೆಕ್ಕಿನ ಜಗಳವಾಗಿ ಉಳಿಯಲಿಲ್ಲ.

ಮೊದಲು ಸೊಸೆ ಒಬ್ಬಳೇ ಬಂದಳು. ಎರಡನೇ ಸಲ ಮೂವರನ್ನೂ ಕೂರಿಸಿದೆ. ಅತ್ತೆ ಬಹಳ ಹೊತ್ತು ಸೆರಗಿನ ಅಂಚು ಮಡಚುತ್ತ ಕೂತಿದ್ದರು. ಆಮೇಲೆ ನನ್ನನ್ನೇ ನೋಡಿ ಹೇಳಿದರು: “ಬೆಕ್ಕಿಗೆ ನನ್ನ ಮೇಲೆ ಎಂತ ಸಿಟ್ಟು ಮೇಡಂ? ಇವಳ ಬಾಯಲ್ಲಿ ಬಾರದ್ದನ್ನ ಅದು ಬೇಕಂತಲೇ ಮಾಡಿ ತೋರಿಸ್ತದೆ.”

ಸೊಸೆಯ ಮುಖ ಬಿಳಿಚಿತು. ಮಗ ಫೋನು ನೋಡತೊಡಗಿದ. ನಮ್ಮ ವೃತ್ತಿಯಲ್ಲಿ ಇಂಥ ಮಾತು ಸಿಕ್ಕಿದರೆ ಅದನ್ನೇ ಬಿಚ್ಚುತ್ತ ಹೋಗಬೇಕು ಎಂದು ಕಲಿಸುತ್ತಾರೆ. ನಾನು ಬಿಚ್ಚಲಿಲ್ಲ. ಬೆಕ್ಕಿನ ಬಗ್ಗೆಯೇ ಕೇಳಿದೆ: “ಅದು ಹೊಯ್ಯುವುದನ್ನು ಕಣ್ಣಾರೆ ನೋಡಿದವರು ಯಾರು?”

ಮಗ ನೋಡಿರಲಿಲ್ಲ. ಸೊಸೆಯೂ ನೋಡಿರಲಿಲ್ಲ. ಇಬ್ಬರೂ ಕಂಡದ್ದು ಬೆಳಗಿನ ಕಲೆ ಮಾತ್ರ. ನೋಡಿದ್ದು ರಾತ್ರಿ ನಿದ್ದೆ ಬಾರದ ಅತ್ತೆ.

“ಆ ಟ್ರೇಗೆ ಹೋಗ್ತದೆ, ಕೂತ್ಕೊಳ್ತದೆ, ಏನೂ ಬರೋದಿಲ್ಲ. ಎದ್ದು ಬರ್ತದೆ. ಮತ್ತೆ ಹೋಗ್ತದೆ. ಒಂದು ಥರಾ ಕೂಗ್ತದೆ. ಕಡೆಗೆ ನನ್ನ ಕಾಲ ಹತ್ರ ಬಂದು ಎರಡು ಹನಿ. ಒಂದಿನ ಕೆಂಪಗಿತ್ತು.”

“ಆಯಿ, ಇದನ್ನ ಯಾಕೆ ಹೇಳ್ಲಿಲ್ಲ?” ಅಂದ ಮಗ.

“ಯಾರು ಕೇಳಿದ್ರು?”

ಅಲ್ಲಿಗೆ ಆ ದಿನದ ಮಾತುಕತೆ ನಿಲ್ಲಿಸಿ ಮೂವರನ್ನೂ ಪಶುವೈದ್ಯರ ಬಳಿ ಕಳಿಸಿದೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳೋ ಲೋಳೆಯೋ ಸಿಕ್ಕಿಕೊಂಡು ಅದು ಪೂರ್ತಿ ಕಟ್ಟಿದರೆ ಒಂದೆರಡು ದಿನದೊಳಗೆ ಪ್ರಾಣವೇ ಹೋಗಬಹುದು. ಪುಣ್ಯಕ್ಕೆ ಇದರದ್ದು ಕಟ್ಟಿರಲಿಲ್ಲ. ಮೂತ್ರಚೀಲದ ಉರಿಯೂತ, ಮೂತ್ರದಲ್ಲಿ ಹರಳು. ನೋವಿಗೆ ಔಷಧಿ, ಒಣ ಕಾಳಿನ ಬದಲು ಹಸಿ ಆಹಾರ, ಹೆಚ್ಚು ನೀರು ಎಂದು ವೈದ್ಯರು ಹೇಳಿ ಕಳಿಸಿದರು. ಮನೆಗೆ ಹೊಸಬರು ಬಂದಾಗ, ಸಾಮಾನು ಜಾಗ ಬದಲಾದಾಗ ಆಗುವ ಒತ್ತಡಕ್ಕೂ ಬೆಕ್ಕಿಗೆ ಇಂಥ ಉರಿಯೂತ ಬರುತ್ತದೆ. ಟ್ರೇಯಲ್ಲಿ ಕೂತಾಗ ನೋವಾದರೆ ಅದು ಟ್ರೇಯನ್ನೇ ದೂರುತ್ತದೆ, ಮೆತ್ತಗಿನ ಜಾಗ ಹುಡುಕುತ್ತದೆ.

ಮುಂದಿನ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಂತು. ಅತ್ತೆಯ ಮಂಚ ಹಾಕಿದ ಮೂಲೆಯಲ್ಲೇ ಮೊದಲು ಟ್ರೇ ಇತ್ತಂತೆ. ಅವರು ಬಂದ ದಿನ ಅದನ್ನು ವಾಷಿಂಗ್ ಮಶೀನಿನ ಪಕ್ಕಕ್ಕೆ ತಳ್ಳಿದ್ದರು. ಮಶೀನು ಗಡಗಡ ಅನ್ನುವಾಗ ಯಾವ ಬೆಕ್ಕು ಅಲ್ಲಿ ಕೂತೀತು? ಅದು ತನ್ನ ಹಳೆಯ ಜಾಗಕ್ಕೇ ಬರುತ್ತಿತ್ತು, ಈಗ ಅಲ್ಲಿ ಹಾಸಿಗೆ ಇತ್ತು, ಅಷ್ಟೇ.

ನಾನು ಹೇಳಿದ್ದು ಇಷ್ಟು. ಬೆಕ್ಕು ಒಂದಿದ್ದರೆ ಟ್ರೇ ಎರಡು ಇರಲಿ, ಒಂದು ಅತ್ತೆಯ ಕೋಣೆಯಲ್ಲೇ. ಬೆಕ್ಕಿನ ಉದ್ದದ ಒಂದೂವರೆ ಪಟ್ಟು ದೊಡ್ಡದು, ಮುಚ್ಚಳ ಬೇಡ, ಪರಿಮಳದ ಲಿಟರ್ ಬೇಡ, ದಿನಾ ತೆಗೆಯಬೇಕು. ಅತ್ತೆ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅವರು, “ಊರಲ್ಲಿ ಬಚ್ಚಲ ಒಲೆಯ ಬೂದಿಗೇ ಹೋಗ್ತಿದ್ವು, ಬೂದಿ ತರಿಸ್ಲಾ?” ಅಂದರು. ಬೂದಿ ಒದ್ದೆಯಾದರೆ ಕ್ಷಾರವಾಗಿ ಪಾದ ಸುಡುತ್ತದೆ, ಸಣ್ಣ ಹೊಳೆ ಮರಳಾದರೆ ಅಡ್ಡಿಯಿಲ್ಲ ಎಂದೆ. ಮರಳು ಬಂತು.

ಒರೆಸುವುದಕ್ಕೆ ಅವರು ಫಿನಾಯಿಲ್ ಬಳಸುತ್ತಿದ್ದರು. ಫೀನಾಲ್ ಇರುವ ಯಾವ ದ್ರವವನ್ನೂ ಬೆಕ್ಕಿನ ಯಕೃತ್ತು ಸರಿಯಾಗಿ ಕರಗಿಸಲಾರದು. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ವಿಷ. ಅಮೋನಿಯಾ ಇರುವ ಕ್ಲೀನರ್ ಹಾಕಿದರೆ ಅದಕ್ಕೆ ಮೂತ್ರದ ವಾಸನೆಯೇ ಬಂದಂತಾಗಿ ಅಲ್ಲಿಗೇ ಮರಳುತ್ತದೆ. ಮೂತ್ರದ ವಾಸನೆ ಕಳೆಯುವ ಕಿಣ್ವ (ಎಂಜೈಮ್) ಇರುವ ಕ್ಲೀನರ್ ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಿಕೊಳ್ಳಿ ಎಂದೆ. ಮೂತಿ ಒತ್ತುವುದನ್ನು ಅಂದೇ ನಿಲ್ಲಿಸಲು ಹೇಳಿದೆ. ಅದರಿಂದ ಬೆಕ್ಕು ಕಲಿಯುವುದು ಒಂದೇ: ಈ ಮನುಷ್ಯ ಇಲ್ಲದಾಗ ಹೊಯ್ಯಬೇಕು. ಗೋಣಿಚೀಲದ ಮಾತಿಗೆ ನಾನು ಖಡಾಖಂಡಿತ ಬೇಡವೆಂದೆ. ಸಾಕಿದ ಪ್ರಾಣಿಯನ್ನು ಉಪವಾಸ ಬೀಳುವಂತೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಗೋಡೆಗೆ ಬೆನ್ನು ಹಾಕಿ, ಬಾಲ ಎತ್ತಿ ನಡುಗಿಸುತ್ತ ಬೆಕ್ಕು ಉಚ್ಚೆ ಸಿಡಿಸುವುದು ಬೇರೆ ಕತೆ, ಅದು ಗಡಿ ಗುರುತು ಮಾಡುವುದು. ಆಪರೇಶನ್ ಆಗದ ಗಂಡಾದರೆ ಮೊದಲು ಆಪರೇಶನ್ ಮಾಡಿಸಿ. ಬಹುತೇಕ ಗಂಡುಬೆಕ್ಕುಗಳಲ್ಲಿ ಅದು ಕಡಿಮೆಯಾಗುತ್ತದೆ.

ಇದನ್ನು ಕೇಳಿದ ವೃತ್ತಿಬಾಂಧವರೊಬ್ಬರು ‘ನಿಮ್ಮದು ಆಪ್ತಸಲಹೆ ಕೇಂದ್ರವೋ, ಪಶು ಆಸ್ಪತ್ರೆಯೋ?’ ಎಂದು ನಕ್ಕರು. ನಗಲಿ. ಉಚ್ಚೆ ವಾಸನೆಯ ಹಾಸಿಗೆಯಲ್ಲಿ ರಾತ್ರಿ ಕಳೆದ ಅತ್ತೆಗೆ ಸೊಸೆಯ ಮನಸ್ಸು ಅರ್ಥಮಾಡಿಕೊಳ್ಳಿ ಎಂದು ಉಪದೇಶ ಮಾಡುವುದು ನನ್ನಿಂದಾಗದು. ನನ್ನ ತಕರಾರು ‘ಬೇಕಂತಲೇ’ ಎಂಬ ತೀರ್ಪಿನ ಮೇಲೆ. ಹಾಸಿಗೆ ಒದ್ದೆ ಮಾಡುವ ಏಳು ವರ್ಷದ ಮಗುವಿಗೂ, ಮರೆವು ಹಿಡಿದು ಬಚ್ಚಲ ದಾರಿ ತಪ್ಪುವ ಅಜ್ಜನಿಗೂ ನಮ್ಮ ಮನೆಗಳಲ್ಲಿ ಇದೇ ತೀರ್ಪು. ಅದು ಬಾಯಿಂದ ಬಂದ ಕ್ಷಣಕ್ಕೆ ನೋಡುವುದು ನಿಂತುಹೋಗುತ್ತದೆ, ಶಿಕ್ಷೆ ಶುರುವಾಗುತ್ತದೆ. ಈ ಮನೆಯಲ್ಲಿ ನೋಡಿದ್ದು ಅತ್ತೆ ಒಬ್ಬರೇ. ತೀರ್ಪು ಕೊಟ್ಟವರೂ ಅವರೇ ಆದದ್ದರಿಂದ ನೋಡಿದ್ದು ಲೆಕ್ಕಕ್ಕೆ ಬರಲಿಲ್ಲ.

ಅತ್ತೆ-ಸೊಸೆಯ ತಕರಾರು ಮುಗಿದಿದೆ ಎಂದು ಹೇಳಲಾರೆ. ಅಡುಗೆಮನೆಯದ್ದು ಇನ್ನೂ ನಡೆದಿದೆ, ಅದಕ್ಕೆ ಈಗಲೂ ಬರುತ್ತಾರೆ. ಬೆಕ್ಕು ಮಳೆ ಜೋರಾದಾಗ ಒಂದೆರಡು ಸಲ ಮತ್ತೆ ಹಾಸಿಗೆ ಒದ್ದೆ ಮಾಡಿತು. ಆಗ ಅತ್ತೆಯೇ ಮಗನನ್ನು ಎಬ್ಬಿಸಿ ವೈದ್ಯರಿಗೆ ಫೋನು ಮಾಡಿಸಿದರು.

ಓದುವವರಿಗೆ ಒಂದು ಮಾತು. ನಿಮ್ಮ ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಕೂತು ಏನೂ ಬಾರದೆ ಏಳುತ್ತಿದ್ದರೆ ಮರುದಿನಕ್ಕೆ ಬಿಡಬೇಡಿ, ರಾತ್ರಿಯಾದರೂ ಸಿಕ್ಕ ಪಶುವೈದ್ಯರಿಗೆ ಕರೆ ಮಾಡಿ. ನೋವಾಗುತ್ತದೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.