ಬೈಬಲ್‌ನಲ್ಲಿ ‘ನಡುಗು’ ಅಂತ ಬರುವ ಕಡೆಯೆಲ್ಲ ಮೂಲದಲ್ಲೂ ಒಂದೇ ಪದ ಇದೆಯಾ?

ಇಲ್ಲ. ಹಳೆ ಒಡಂಬಡಿಕೆಯ ಹೀಬ್ರೂನಲ್ಲಿ ಇದಕ್ಕೆ ಹಲವು ಪದಗಳಿವೆ, ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲೂ ಅಷ್ಟೇ. ಇದರ ಉಲ್ಟಾನೂ ಆಗುತ್ತದೆ. ನಾವು ಬೇರೆ ಬೇರೆ ಅಂದುಕೊಂಡಿದ್ದಕ್ಕೆ ಅಲ್ಲಿ ಒಂದೇ ಪದ ಇರುತ್ತದೆ. ನನಗೆ ಜಾಸ್ತಿ ಮಜಾ ಕೊಟ್ಟಿದ್ದು ಅದೇ.

‘ರಾಗಜ್’ ಅನ್ನುವ ಹೀಬ್ರೂ ಪದ ನೋಡಿ. ಕೀರ್ತನೆ 4:4ರಲ್ಲಿ ‘ರಿಗ್ಜೂ’ ಅಂತ ಬರುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ, ‘ನಡುಗಿರಿ, ಪಾಪ ಮಾಡಬೇಡಿರಿ’. (ಹೀಬ್ರೂ ಪ್ರತಿಯಲ್ಲಿ ಹುಡುಕಿದರೆ 4:5 ನೋಡಿ. ಅಲ್ಲಿ ತಲೆಬರಹವನ್ನೂ ಒಂದು ವಚನವಾಗಿ ಎಣಿಸುತ್ತಾರೆ.) ಕ್ರಿಸ್ತನಿಗಿಂತ ಮುಂಚೆಯೇ ಯೆಹೂದ್ಯರು ಇದನ್ನು ಗ್ರೀಕ್‌ಗೆ ತಂದಾಗ ‘ಒರ್ಗಿಜೆಸ್ಥೆ’ ಅಂತ ಬರೆದರು. ಅಂದರೆ ಸಿಟ್ಟಾಗಿರಿ! ಎಫೆಸದವರಿಗೆ ಬರೆದ ಪತ್ರದ 4:26ರಲ್ಲಿ ಕೋಪ ಬಂದರೂ ಪಾಪ ಮಾಡಬೇಡಿ ಅಂತ ಇದೆಯಲ್ಲ, ಅದು ಇದೇ ಸಾಲು.

ಅನುವಾದ ಮಾಡಿದವರು ಎಡವಿದರಾ? ನನಗೆ ಹಾಗೆ ಅನ್ನಿಸುವುದಿಲ್ಲ. ರಾಗಜ್ ಅಂದರೆ ಒಳಗೆ ಏನೋ ಕದಡಿ ಮೈ ಅದುರುವುದು. ಮಗ ಅಬ್ಷಾಲೋಮ ಸತ್ತ ಸುದ್ದಿ ಕೇಳಿದ ದಾವೀದನಿಗೆ ಆದದ್ದಕ್ಕೂ ಇದೇ ಪದ. ಭಯಕ್ಕೂ ಸೈ, ದುಃಖಕ್ಕೂ ಸೈ, ಕೋಪಕ್ಕೂ ಸೈ. ‘ಸಿಟ್ಟಿಗೆ ಗಡಗಡ ನಡುಗ್ತಿದ್ದ’ ಅಂತ ನಾವೂ ಹೇಳುತ್ತೇವೆ ಅಲ್ವಾ? ಗ್ರೀಕ್‌ಗೆ ತಂದವರು ಅದರಲ್ಲಿ ಒಂದನ್ನು ಆರಿಸಿಕೊಂಡರು, ಅಷ್ಟೇ.

ಇನ್ನೊಂದು ಪದ ‘ಹಾರದ್’. ವಿಮೋಚನಕಾಂಡ 19:16ರಲ್ಲಿ ಗುಡುಗು, ಕೊಂಬಿನ ಸದ್ದು ಕೇಳಿ ಪಾಳೆಯದಲ್ಲಿದ್ದ ಇಸ್ರೇಲ್ ಜನ ನಡುಗುತ್ತಾರೆ. 19:18ರಲ್ಲಿ ಸೀನಾಯಿ ಬೆಟ್ಟವೇ ನಡುಗುತ್ತದೆ. ಎರಡೂ ಕಡೆ ಹಾರದ್‌ನದೇ ರೂಪವಾದ ‘ವಯ್ಯೆಹೆರದ್’. ಹಾರದ್ ಸಾಮಾನ್ಯವಾಗಿ ಹೆದರಿ ನಡುಗುವವರಿಗೆ ಬಳಸುವ ಪದ, ಬೆಟ್ಟ ಹೆದರುತ್ತದಾ? ಕೆಲವು ಹೀಬ್ರೂ ಹಸ್ತಪ್ರತಿಗಳಲ್ಲಿ, ಹಳೆಯ ಗ್ರೀಕ್ ಅನುವಾದದಲ್ಲಿ ಬೆಟ್ಟದ ಜಾಗದಲ್ಲಿ ‘ಜನ’ ಅಂತಲೇ ಇದೆ. ನಕಲು ಮಾಡುತ್ತಿದ್ದ ಯಾರಿಗೋ ನಮ್ಮ ಹಾಗೇ ಅನುಮಾನ ಬಂದಿತ್ತೇನೋ. ನನಗಂತೂ ಬೆಟ್ಟವೇ ಇಷ್ಟ. ಇಸ್ರೇಲಿನ ಕಟ್ಟಾ ಸಂಪ್ರದಾಯಸ್ಥ ಯೆಹೂದ್ಯರನ್ನು ‘ಹರೇದಿ’ ಅನ್ನುತ್ತಾರಲ್ಲ, ಅದೂ ಇದೇ ಬೇರಿನದು. ಯೆಶಾಯ 66ರಲ್ಲಿ ದೇವರ ಮಾತಿಗೆ ನಡುಗುವವರ ಪ್ರಸ್ತಾಪವಿದೆ, ಹೆಸರು ಅಲ್ಲಿಂದ ಬಂದದ್ದು.

ಗ್ರೀಕ್‌ಗೆ ಬಂದರೆ, ಸುವಾರ್ತೆ ಬರೆದ ಮತ್ತಾಯನಿಗೆ ‘ಸೈಸ್ಮೊಸ್’, ಅಂದರೆ ಅದುರುವಿಕೆ, ಅನ್ನುವ ಪದದ ಮೇಲೆ ತುಂಬಾ ಪ್ರೀತಿ. ಭೂಕಂಪ ಶಾಸ್ತ್ರಕ್ಕೆ ಸೀಸ್ಮಾಲಜಿ ಅಂತ ಹೆಸರು ಬಂದಿದ್ದು ಇದರಿಂದಲೇ. 8:24ರಲ್ಲಿ ದೋಣಿ ಮುಳುಗುವಷ್ಟು ಎದ್ದ ಬಿರುಗಾಳಿಗೆ ಉಳಿದ ಸುವಾರ್ತೆಗಳಲ್ಲಿ ಮಾರ್ಕ, ಲೂಕ ಇಬ್ಬರೂ ‘ಲೈಲಪ್ಸ್’, ಅಂದರೆ ಸುಂಟರಗಾಳಿ, ಅನ್ನುತ್ತಾರೆ. ಮತ್ತಾಯ ಮಾತ್ರ ದೊಡ್ಡ ಸೈಸ್ಮೊಸ್ ಅನ್ನುತ್ತಾನೆ. 28:2ರಲ್ಲಿ ಯೇಸುವಿನ ಸಮಾಧಿಯ ಹತ್ತಿರ ಮತ್ತೆ ಸೈಸ್ಮೊಸ್, ಈ ಸಲ ನಿಜವಾದ ಭೂಕಂಪ. 28:4ರಲ್ಲಿ ಕಾವಲುಗಾರರು ಅದೇ ಬೇರಿನ ಕ್ರಿಯಾಪದದಲ್ಲಿ ನಡುಗಿ ಸತ್ತವರಂತೆ ಆಗುತ್ತಾರೆ. ‘ಭೂಮಿ ಕಂಪಿಸಿತು, ಕಾವಲುಗಾರರು ನಡುಗಿದರು’ ಅಂತ ಬರೆದರೆ ಈ ನಂಟು ಕೈತಪ್ಪುತ್ತದೆ. ಎರಡು ಕಡೆಯೂ ‘ಅದುರು’ ಅಂತ ಹಾಕಿದರೆ ಉಳಿಯುತ್ತದೆ.

ಯಾಕೋಬ 2:19ರ ದೆವ್ವಗಳ ನಡುಕಕ್ಕೆ ಮಾತ್ರ ಇದ್ಯಾವುದೂ ಅಲ್ಲ. ಅಲ್ಲಿರುವುದು ‘ಫ್ರಿಸ್ಸೊ’, ಮೈ ಜುಮ್ಮೆಂದು ಕೂದಲು ನೆಟ್ಟಗೆ ನಿಲ್ಲುವುದು.