ಓದುಗರ ಪ್ರಶ್ನೆ: ನಮ್ಮ ಸಂಸದರು ಸದನದಲ್ಲಿ ಏನನ್ನು ಕೇಳಬಹುದು?

ಸಂಸತ್ತಿನ ಪ್ರಶ್ನೋತ್ತರ ವೇಳೆಯ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಹೆಚ್ಚಿನ ಪತ್ರಗಳು ಆರೋಗ್ಯ, ನ್ಯಾಯ, ಶಿಕ್ಷಣ ಮತ್ತು ರಕ್ಷಣೆಗೆ ಸಂಬಂಧಿಸಿದವು. ಒಂದೇ ಪ್ರಶ್ನೆ ಹಲವರಿಂದ ಬಂದಲ್ಲಿ ಅವನ್ನು ಒಟ್ಟುಗೂಡಿಸಿದ್ದೇನೆ.

ನಮ್ಮ ಸಂಸದರು ಈ ಅಧಿವೇಶನದಲ್ಲಿ ನಾಲ್ಕು ಇಲಾಖೆಗಳ ಬಗ್ಗೆ ಪ್ರಶ್ನೆ ಕೇಳಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದೆ. ಆದರೆ ಟಿ.ವಿ.ಯಲ್ಲಿ ಕಲಾಪವನ್ನು ನೋಡಿದಾಗ ಅವರು ಒಮ್ಮೆಯೂ ಎದ್ದು ನಿಂತದ್ದು ಕಾಣಲಿಲ್ಲ. ಕೇಳಿದ್ದು ನಿಜವೇ? (ಹಾಸನದ ಒಬ್ಬ ಶಿಕ್ಷಕಿ)

ನಿಜವೇ ಇರಬಹುದು. ಲೋಕಸಭೆಯಲ್ಲಿ ಪ್ರಶ್ನೋತ್ತರ ವೇಳೆ ಬೆಳಿಗ್ಗೆ 11ಕ್ಕೆ ಆರಂಭವಾಗುತ್ತದೆ. ರಾಜ್ಯಸಭೆಯಲ್ಲಿ 2014ರಿಂದ ಅದು ಮಧ್ಯಾಹ್ನ 12ಕ್ಕೆ. ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆಗೆ ಚುಕ್ಕೆ ಗುರುತಿನ ಪ್ರಶ್ನೆ ಎಂದು ಹೆಸರು. ಲೋಕಸಭೆಯಲ್ಲಿ ದಿನಕ್ಕೆ ಇಂಥವು 20 ಮಾತ್ರ. ಚುಕ್ಕೆ ಗುರುತಿಲ್ಲದವು 230ರವರೆಗೆ ಇರುತ್ತವೆ, ಅವುಗಳಿಗೆ ಲಿಖಿತ ಉತ್ತರವನ್ನು ಸದನದಲ್ಲಿ ಮಂಡಿಸಿದರೆ ಸಾಕು. ಒಬ್ಬ ಸದಸ್ಯರ ಹೆಸರಿನಲ್ಲಿ ಒಂದು ದಿನಕ್ಕೆ ಹೆಚ್ಚೆಂದರೆ ಐದು ಪ್ರಶ್ನೆಗಳು, ಅದರಲ್ಲಿ ಚುಕ್ಕೆ ಗುರುತಿನದು ಒಂದೇ. ಕನಿಷ್ಠ 15 ದಿನ ಮುಂಚಿತವಾಗಿ ಸೂಚನೆ ಕೊಡಬೇಕು, ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಚುಕ್ಕೆ ಗುರುತಿನ ಪಟ್ಟಿಯನ್ನು ಹಸಿರು ಕಾಗದದಲ್ಲಿಯೂ ಉಳಿದುದನ್ನು ಬಿಳಿ ಕಾಗದದಲ್ಲಿಯೂ ಮುದ್ರಿಸುವ ರೂಢಿ ಇದೆ.

ಆ ಒಂದು ಗಂಟೆಯಲ್ಲಿ ಇಪ್ಪತ್ತಕ್ಕೂ ಉತ್ತರ ಮುಗಿಯುವುದು ಅಪರೂಪ. ಹೀಗಾಗಿ ಪಟ್ಟಿಯ ಕೊನೆಯಲ್ಲಿರುವ ಸದಸ್ಯರು ಎಷ್ಟೇ ಸಿದ್ಧರಾಗಿ ಬಂದಿದ್ದರೂ ಎದ್ದು ನಿಲ್ಲುವ ಅವಕಾಶ ಸಿಗದೆ, ಅವರ ಪ್ರಶ್ನೆಗೂ ಲಿಖಿತ ಉತ್ತರವೇ ಬರುತ್ತದೆ. ಟಿ.ವಿ.ಯಲ್ಲಿ ಕಾಣಲಿಲ್ಲ ಎಂಬ ಕಾರಣಕ್ಕೆ ಅವರು ಸುಮ್ಮನಿದ್ದರೆಂದು ತಿಳಿಯಬೇಡಿ. ಎಷ್ಟು ಪ್ರಶ್ನೆ ಕೇಳಿದರು ಎಂಬ ಲೆಕ್ಕವನ್ನೇ ಮೆಚ್ಚಿಕೊಳ್ಳಲೂ ಬೇಡಿ. ಏನನ್ನು ಕೇಳಿದರು, ಉತ್ತರವಾಗಿ ಏನು ಬಂತು ಎಂಬುದನ್ನು ಓದಿ ನೋಡಿ.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಿಲ್ಲ. ಹೆರಿಗೆಗೆ ಹೋದವರನ್ನು ಅರ್ಧರಾತ್ರಿಯಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ಸಂಸದರಿಗೆ ಮನವಿ ಕೊಟ್ಟೆವು, ಅವರು ಕೇಳಿದರು, ‘ಆರೋಗ್ಯ ರಾಜ್ಯದ ವಿಷಯ’ ಎಂಬ ಉತ್ತರ ಬಂತು. ಇದು ನುಣುಚಿಕೊಳ್ಳುವುದಲ್ಲವೇ? (ಕಲ್ಯಾಣ ಕರ್ನಾಟಕದ ಒಬ್ಬ ರೈತರು)

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಅರ್ಧರಾತ್ರಿಯ ಆಂಬ್ಯುಲೆನ್ಸಿನಲ್ಲಿ ಹೆರಿಗೆ ನೋವಿನಿಂದ ನರಳುವ ಹೆಣ್ಣುಮಗಳಿಗೆ ಅದು ಯಾವ ಸರ್ಕಾರದ ವಿಷಯವಾದರೇನು? ಆದರೂ ಆ ಉತ್ತರದಲ್ಲಿ ಅರ್ಧ ಸತ್ಯವಿದೆ. ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಗೆ ಸೇರಿವೆ. ಭಾರತ ಸರ್ಕಾರಕ್ಕೆ ಪ್ರಧಾನವಾಗಿ ಸಂಬಂಧಿಸದ ವಿಷಯವನ್ನು ಲೋಕಸಭೆಯಲ್ಲಿ ಕೇಳುವಂತಿಲ್ಲ ಎಂದು ಸದನದ ನಿಯಮವೂ ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಯ ತಜ್ಞರ ಹುದ್ದೆಯನ್ನು ತುಂಬುವವರು ಬೆಂಗಳೂರಿನಲ್ಲಿದ್ದಾರೆ. ಆದ್ದರಿಂದ ಈ ಪ್ರಶ್ನೆ ಮೊದಲು ನಿಮ್ಮ ಶಾಸಕರ ಮೂಲಕ ವಿಧಾನಸಭೆಗೆ ಹೋಗಬೇಕಿತ್ತು.

ಉಳಿದರ್ಧ ಹಣದ್ದು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನವಾಗಿ ಆರಂಭಗೊಂಡು ಈಗ ರಾಷ್ಟ್ರೀಯ ಆರೋಗ್ಯ ಅಭಿಯಾನ ಎನಿಸಿಕೊಂಡಿರುವ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ಕರ್ನಾಟಕ 60:40ರ ಪ್ರಮಾಣದಲ್ಲಿ ಭರಿಸುತ್ತವೆ. ಗುತ್ತಿಗೆ ಆಧಾರದ ವೈದ್ಯರು, ದಾದಿಯರು ಮತ್ತು ತಜ್ಞರ ಸಂಬಳದಲ್ಲಿ ದೊಡ್ಡ ಪಾಲು ಬರುವುದು ಇಲ್ಲಿಂದಲೇ. ಬಯಲುಸೀಮೆಯಲ್ಲಿ 30,000 ಜನರಿಗೊಂದು, ಗುಡ್ಡಗಾಡಿನಲ್ಲಿ 20,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬ ಮಾನದಂಡವನ್ನು ಗೊತ್ತುಮಾಡಿದ್ದು ಕೇಂದ್ರವೇ. ಜಿ.ಡಿ.ಪಿ.ಯ ಶೇ. 2.5ರಷ್ಟನ್ನು 2025ರೊಳಗೆ ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡುವಂತಾಗಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬರೆದದ್ದೂ ಕೇಂದ್ರವೇ. ಇವುಗಳ ಬಗ್ಗೆ ಸಂಸದರು ಕೇಳಿದರೆ ‘ರಾಜ್ಯದ ವಿಷಯ’ ಎಂದು ಸಚಿವರು ಜಾರಿಕೊಳ್ಳಲು ಬರುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಮನವಿ ಎರಡಾಗಿ ಒಡೆಯಬೇಕು. ವಿಧಾನಸಭೆಗೆ ಹೋಗುವ ಪ್ರಶ್ನೆ ಹೀಗಿರಲಿ: ‘ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಮಂಜೂರಾಗಿರುವ ಅರಿವಳಿಕೆ ತಜ್ಞರ ಹುದ್ದೆಗಳೆಷ್ಟು, ಭರ್ತಿಯಾಗಿರುವುದೆಷ್ಟು, ಖಾಲಿ ಇರುವ ಹುದ್ದೆ ಯಾವ ದಿನಾಂಕದಿಂದ ಖಾಲಿ ಇದೆ, ಕಳೆದ ಒಂದು ವರ್ಷದಲ್ಲಿ ತಜ್ಞರಿಲ್ಲದ ಕಾರಣ ಬೇರೆ ಆಸ್ಪತ್ರೆಗೆ ಕಳಿಸಲಾದ ಗರ್ಭಿಣಿಯರ ಸಂಖ್ಯೆ ಎಷ್ಟು?’ ಲೋಕಸಭೆಗೆ ಹೋಗುವ ಪ್ರಶ್ನೆಯಲ್ಲಿ ಅದೇ ಜಿಲ್ಲೆಗೆ ಅಭಿಯಾನದಡಿ ಮಂಜೂರಾದ ಹಣ, ಬಿಡುಗಡೆಯಾದ ಹಣ, ಖರ್ಚಾದ ಹಣ ಎಂಬ ಮೂರು ಅಂಕಿಗಳನ್ನು ಕೇಳಿದರೆ ಸಾಕು.

ಪದಗಳನ್ನು ಇಷ್ಟು ಬಿಗಿಯಾಗಿ ಕಟ್ಟಬೇಕಾದುದೇಕೆ ಎಂಬುದು ವಿಧಾನಮಂಡಲದ ಉತ್ತರ ಪತ್ರಗಳನ್ನು ನೋಡಿದವರಿಗೆ ತಿಳಿದಿರುತ್ತದೆ. ಹಾಳೆಯ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ‘ಅ) ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ’ ಎಂದು ಎಡಗಡೆ ಇದ್ದರೆ ಬಲಗಡೆ ‘ಬಂದಿದೆ’ ಎಂಬ ಒಂದೇ ಪದ ಇರುತ್ತದೆ. ‘ಆ) ಹಾಗಿದ್ದಲ್ಲಿ, ಕೈಗೊಂಡ ಕ್ರಮಗಳೇನು’ ಎಂಬುದಕ್ಕೆ ‘ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ’. ಅ ಎಂಬ ಭಾಗಕ್ಕೆ ‘ಇಲ್ಲ’ ಎಂದು ಬರೆದುಬಿಟ್ಟರಂತೂ ಮುಂದಿನ ಎಲ್ಲ ಭಾಗಗಳಿಗೂ ‘ಉದ್ಭವಿಸುವುದಿಲ್ಲ’ ಎಂಬುದೊಂದೇ ಉತ್ತರ. ಸದಸ್ಯರ ಒಂದು ಅವಕಾಶ ಅಲ್ಲಿಗೆ ಕೈತಪ್ಪಿತು. ಹಾಗೆ ಆಗಬಾರದೆಂದರೆ ‘ಗಮನಕ್ಕೆ ಬಂದಿದೆಯೇ’ ಎಂಬ ಪೀಠಿಕೆಯನ್ನು ಬಿಟ್ಟು, ಸಂಖ್ಯೆ, ದಿನಾಂಕ ಮತ್ತು ಸ್ಥಳವನ್ನು ನೇರವಾಗಿ ಕೇಳಬೇಕು.

ನಮ್ಮ ಜಮೀನಿನ ವ್ಯಾಜ್ಯ ಹದಿನೈದು ವರ್ಷಗಳಿಂದ ನ್ಯಾಯಾಲಯದಲ್ಲಿದೆ. ಸಂಸದರು ಅದನ್ನು ಸದನದಲ್ಲಿ ಎತ್ತಬಹುದೇ? (ಧಾರವಾಡದಿಂದ ಒಬ್ಬ ಕಾನೂನು ವಿದ್ಯಾರ್ಥಿ)

ಎತ್ತುವಂತಿಲ್ಲ, ಎತ್ತಲೂಬಾರದು. ನ್ಯಾಯಾಲಯದ ವಿಚಾರಣೆಯಲ್ಲಿರುವ ಪ್ರಕರಣವನ್ನು ಪ್ರಶ್ನೆಯ ವಸ್ತುವಾಗಿಸಲು ನಿಯಮ ಬಿಡುವುದಿಲ್ಲ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟಿನ ನ್ಯಾಯಮೂರ್ತಿಗಳು ಕರ್ತವ್ಯ ನಿರ್ವಹಿಸುವಲ್ಲಿ ನಡೆದುಕೊಂಡ ರೀತಿಯನ್ನು, ಅವರ ಪದಚ್ಯುತಿಯ ಪ್ರಸ್ತಾವದ ಸಂದರ್ಭದಲ್ಲಿ ಹೊರತು ಸಂಸತ್ತಿನಲ್ಲಿ ಚರ್ಚಿಸುವಂತಿಲ್ಲ ಎಂದು ಸಂವಿಧಾನದ 121ನೆಯ ವಿಧಿಯೂ ಹೇಳುತ್ತದೆ. ನಿಮ್ಮ ವ್ಯಾಜ್ಯ ಬೇಗ ಮುಗಿಯಲಿ ಎಂದು ಒಬ್ಬ ಸಂಸದರು ಒತ್ತಡ ತರಬಹುದಾದರೆ, ಎದುರುಗಡೆಯವರ ಪರವಾಗಿ ಇನ್ನೊಬ್ಬರೂ ತರಬಹುದಲ್ಲವೇ?

ಹಾಗೆಂದು ನ್ಯಾಯದ ಬಗ್ಗೆ ಸದನ ಬಾಯಿ ಮುಚ್ಚಿಕೊಳ್ಳಬೇಕಾಗಿಲ್ಲ. ಖಾಲಿ ಇರುವ ನ್ಯಾಯಾಧೀಶರ ಹುದ್ದೆಗಳು, ನ್ಯಾಯಾಲಯ ಕಟ್ಟಡಗಳಿಗೆ ಕೊಟ್ಟ ಅನುದಾನ, ಉಚಿತ ಕಾನೂನು ನೆರವು ಪಡೆದವರ ಸಂಖ್ಯೆ, ಇವೆಲ್ಲವನ್ನೂ ಕೇಳಬಹುದು. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲಿಯೇ ಹೇಳಿತ್ತು. ಕೆಳ ನ್ಯಾಯಾಲಯಗಳ ನೇಮಕ ಹೈಕೋರ್ಟ್ ಮತ್ತು ರಾಜ್ಯ ಸರ್ಕಾರದ ಹೊಣೆ ಎಂದು ಕಾನೂನು ಸಚಿವಾಲಯ ಪ್ರತಿ ಬಾರಿಯೂ ಉತ್ತರಿಸುತ್ತದೆ. ಆ ಮಾತು ಸರಿಯೇ, ಆದರೂ ಅದರ ಜೊತೆಗೆ ಬರುವ ರಾಜ್ಯವಾರು ಪಟ್ಟಿ ಬಹಳ ಉಪಯುಕ್ತ.

ಈಗ ಯಾರಾದರೂ ಕೇಳಲೇಬೇಕೆಂದು ನಾನು ಬಯಸುವ ಒಂದು ಪ್ರಶ್ನೆಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲಿಯೂ ಶಿಕ್ಷೆಯಾಗಿರದ ವಿಚಾರಣಾಧೀನ ಬಂಧಿಯು ತನ್ನ ಮೇಲಿನ ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಸೆರೆಮನೆಯಲ್ಲಿ ಕಳೆದಿದ್ದರೆ, ಆತನನ್ನು ಬಾಂಡ್ ಪಡೆದು ಬಿಡಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿ ಇರುವವರಿಗೂ ಇಲ್ಲ. ಅವಧಿ ತುಂಬಿದ ಕೂಡಲೇ ನ್ಯಾಯಾಲಯಕ್ಕೆ ಅರ್ಜಿ ಬರೆಯುವ ಹೊಣೆಯನ್ನು ಕಾನೂನು ಜೈಲು ಅಧೀಕ್ಷಕರ ಮೇಲೆಯೇ ಹೊರಿಸಿದೆ. ಹಾಗಾದರೆ ಯಾವ ಕಾರಾಗೃಹದಿಂದ ಎಷ್ಟು ಅರ್ಜಿಗಳು ಹೋದವು? ಎಷ್ಟು ಮಂದಿ ಹೊರಬಂದರು? ಕಾರಾಗೃಹ ರಾಜ್ಯದ ವಿಷಯವಾದ್ದರಿಂದ ಇದನ್ನು ವಿಧಾನಸಭೆಯಲ್ಲಿ ಕೇಳುವುದೇ ಸರಿ. ವಕೀಲರನ್ನು ಇಟ್ಟುಕೊಳ್ಳಲು ಗತಿಯಿಲ್ಲದವರ ಪರವಾಗಿ ಕೇಳುವ ಪ್ರಶ್ನೆ ಇದು.

ರಾಷ್ಟ್ರೀಯ ಶಿಕ್ಷಣ ನೀತಿ ಸರಿಯೋ ತಪ್ಪೋ ಎಂದು ಸಂಸದರೇಕೆ ನೇರವಾಗಿ ಕೇಳುವುದಿಲ್ಲ? (ಮೈಸೂರಿನಿಂದ ಒಬ್ಬ ಪೋಷಕರು)

ಉತ್ತರದ ಮಿತಿಯೊಳಗೆ ಹಿಡಿಸಲಾರದಷ್ಟು ದೊಡ್ಡ ನೀತಿಯ ವಿಷಯವನ್ನು ಪ್ರಶ್ನೆಯಾಗಿ ಸ್ವೀಕರಿಸಬಾರದು, ಅಭಿಪ್ರಾಯವನ್ನು ಕೇಳಬಾರದು, ಪ್ರಶ್ನೆ 150 ಪದಗಳನ್ನು ಮೀರಬಾರದು ಎಂದು ನಿಯಮವಿದೆ. ಸರಿ ತಪ್ಪುಗಳ ವಾದಕ್ಕೆ ಚರ್ಚೆಯ ವೇಳೆ ಬೇರೆಯೇ ಇದೆ. ಶಿಕ್ಷಣ 1976ರ 42ನೆಯ ತಿದ್ದುಪಡಿಯಿಂದ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಸೇರಿದ್ದರಿಂದ ಎರಡೂ ಕಡೆ ಕೇಳಬಹುದು. ಶಿಕ್ಷಣಕ್ಕೆ ಜಿ.ಡಿ.ಪಿ.ಯ ಶೇ. 6ರಷ್ಟು ಖರ್ಚಾಗಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿದ ಗುರಿಯನ್ನು 2020ರ ನೀತಿಯೂ ಪುನರುಚ್ಚರಿಸಿದೆ. ಈ ವರ್ಷ ಕೇಂದ್ರ ಮತ್ತು ರಾಜ್ಯಗಳು ಒಟ್ಟಾಗಿ ಖರ್ಚು ಮಾಡಿದ್ದು ಶೇಕಡಾ ಎಷ್ಟು ಎಂದು ಕೇಳಿದರೆ ಸಚಿವರು ಅಂಕಿಯನ್ನೇ ಕೊಡಬೇಕಾಗುತ್ತದೆ.

ದೇಶದ ರಕ್ಷಣೆಯ ಬಗ್ಗೆ ಪ್ರಶ್ನೆ ಕೇಳುವುದು ಸೇನೆಯ ಸ್ಥೈರ್ಯವನ್ನು ಕುಗ್ಗಿಸುವುದಿಲ್ಲವೇ? (ಕೊಡಗಿನಿಂದ ಒಬ್ಬ ನಿವೃತ್ತ ಯೋಧರು)

ನಿಮ್ಮ ಆತಂಕವನ್ನು ಗೌರವಿಸುತ್ತೇನೆ. ಸ್ವಭಾವತಃ ರಹಸ್ಯವಾದ ಮಾಹಿತಿಯನ್ನು ಕೇಳುವ ಪ್ರಶ್ನೆಯನ್ನು ಸಭಾಧ್ಯಕ್ಷರು ಸ್ವೀಕರಿಸುವುದಿಲ್ಲ. ಸೇನೆ ಎಲ್ಲಿ ಬೀಡುಬಿಟ್ಟಿದೆ, ಯಾವ ಅಸ್ತ್ರ ಎಷ್ಟಿದೆ ಎಂಬಂಥವು ಅಲ್ಲಿಗೇ ನಿಲ್ಲುತ್ತವೆ.

ಆದರೆ ಸೇನೆ ಎಂದರೆ ಅಸ್ತ್ರಗಳಷ್ಟೇ ಅಲ್ಲ, ನಿಮ್ಮಂಥವರೂ ಹೌದು. ನಿವೃತ್ತರ ಚಿಕಿತ್ಸೆಗಾಗಿ 2003ರಲ್ಲಿ ಆರಂಭವಾದ ಆರೋಗ್ಯ ಯೋಜನೆಯಡಿ ಖಾಸಗಿ ಆಸ್ಪತ್ರೆಗಳಿಗೆ ಪಾವತಿಯಾಗದೆ ಉಳಿದ ಬಿಲ್ಲುಗಳೆಷ್ಟು, ಅಂಗವೈಕಲ್ಯ ಪಿಂಚಣಿಗಾಗಿ ಯೋಧರು ಹೂಡಿದ ದಾವೆಗಳಲ್ಲಿ ಸರ್ಕಾರ ಸೋತ ಮೇಲೂ ಮೇಲ್ಮನವಿ ಹೋದದ್ದು ಎಷ್ಟರಲ್ಲಿ, ನಾಲ್ಕು ವರ್ಷಗಳ ಸೇವೆಯ ಬಳಿಕ ನಾಲ್ವರಲ್ಲಿ ಒಬ್ಬರನ್ನಷ್ಟೇ ಉಳಿಸಿಕೊಳ್ಳುವ 2022ರ ಅಗ್ನಿಪಥ ಯೋಜನೆಯಲ್ಲಿ ಹೊರಬರುವವರಿಗೆ ಯಾವ ಇಲಾಖೆಯಲ್ಲಿ ಎಷ್ಟು ಹುದ್ದೆ ಮೀಸಲಾಗಿದೆ ಎಂದು ಕೇಳಿದರೆ ಯಾವ ಶತ್ರುವಿಗೂ ಲಾಭವಿಲ್ಲ. ನಮ್ಮ ರಾಜ್ಯದ ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಸೀಟು, ವಸತಿಗೃಹ ಸಿದ್ಧವಿದೆಯೇ ಎಂದು ಕೇಳಿದರೂ ಅಷ್ಟೇ.

ಇತಿಹಾಸದಿಂದ ಒಂದು ಮಾತು. ಚೀನಾ ಲಡಾಖಿನ ಅಕ್ಸಾಯ್ ಚಿನ್‌ನಲ್ಲಿ ರಸ್ತೆ ಮಾಡಿದ್ದನ್ನು ಕುರಿತು 1959ರಲ್ಲಿ ಸದಸ್ಯರು ಬಿಡದೆ ಕೇಳುತ್ತಿದ್ದ ಕಾಲದಲ್ಲಿಯೇ, ಸೆಪ್ಟೆಂಬರಿನಲ್ಲಿ, ನೆಹರೂ ಸರ್ಕಾರ ಚೀನಾದೊಂದಿಗಿನ ಪತ್ರವ್ಯವಹಾರವನ್ನು ಶ್ವೇತಪತ್ರವಾಗಿ ಸಂಸತ್ತಿನ ಮುಂದಿಟ್ಟಿತು. ಗಡಿಯಲ್ಲಿ ನಡೆಯುತ್ತಿದ್ದುದು ದೇಶಕ್ಕೆ ವಿವರವಾಗಿ ತಿಳಿದದ್ದು ಆಗ. ಕೇಳಿದವರು ಸೇನೆಯ ವಿರೋಧಿಗಳಾಗಿರಲಿಲ್ಲ.

ಸಚಿವರು ‘ಪರಿಶೀಲನೆಯಲ್ಲಿದೆ’ ಎಂದು ಹೇಳಿ ಮರೆತುಬಿಟ್ಟರೆ ಏನು ಮಾಡುವುದು? ಉತ್ತರಗಳು ಸಾಮಾನ್ಯರಿಗೆ ಎಲ್ಲಿ ಸಿಗುತ್ತವೆ? (ಹಲವು ಓದುಗರು)

‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು’ ಎಂಬಂಥ ಮಾತುಗಳನ್ನು ಸದನ ಭರವಸೆ ಎಂದೇ ದಾಖಲಿಸಿಕೊಳ್ಳುತ್ತದೆ. ಅವುಗಳ ಬೆನ್ನು ಹತ್ತಲೆಂದೇ ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ. ಮೂರು ತಿಂಗಳಲ್ಲಿ ಭರವಸೆ ಈಡೇರಬೇಕು. ಆಗದಿದ್ದರೆ ಸಚಿವಾಲಯ ಹೆಚ್ಚಿನ ಕಾಲಾವಕಾಶ ಬೇಡಬೇಕು, ಅಧಿಕಾರಿಗಳು ಸಮಿತಿಯ ಮುಂದೆ ಬಂದು ಕಾರಣ ಹೇಳಬೇಕಾಗಿ ಬರಬಹುದು. ಉತ್ತರ ಸಾಲದೆನಿಸಿದ ಸದಸ್ಯರು ಅರ್ಧ ಗಂಟೆಯ ಚರ್ಚೆಯನ್ನೂ ಕೋರಬಹುದು. ಹಿಡಿದದ್ದನ್ನು ಬಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 1957ರ ಮುಂಧ್ರಾ ಪ್ರಕರಣವಿದೆ. ಉದ್ಯಮಿ ಮುಂಧ್ರಾ ಅವರ ಕಂಪನಿಗಳಲ್ಲಿ ಜೀವ ವಿಮಾ ನಿಗಮ ಮಾಡಿದ ಹೂಡಿಕೆಯ ಬಗೆಗಿನ ಪ್ರಶ್ನೆಗಳು ಸಂಸದ ಫಿರೋಜ್ ಗಾಂಧಿಯವರ ಭಾಷಣಕ್ಕೆ, ಅಲ್ಲಿಂದ ನ್ಯಾಯಮೂರ್ತಿ ಚಾಗ್ಲಾ ಆಯೋಗಕ್ಕೆ ದಾರಿಮಾಡಿ, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಇದಕ್ಕೆ ವಿರುದ್ಧವಾದ ಪಾಠವೂ ಇದೆ: ಹಣ ಪಡೆದು ಪ್ರಶ್ನೆ ಕೇಳಿದ್ದಕ್ಕಾಗಿ 2005ರ ಡಿಸೆಂಬರಿನಲ್ಲಿ ಎರಡೂ ಸದನಗಳಿಂದ ಒಟ್ಟು 11 ಮಂದಿ ಸದಸ್ಯತ್ವ ಕಳೆದುಕೊಂಡರು.

ಸಂಸತ್ತಿನ ಜಾಲತಾಣದಲ್ಲಿ ಪ್ರಶ್ನೆಗಳ ವಿಭಾಗವಿದೆ. ಸದಸ್ಯರ ಹೆಸರು ಅಥವಾ ಸಚಿವಾಲಯವನ್ನು ಆರಿಸಿಕೊಂಡರೆ ಪ್ರಶ್ನೆ ಮತ್ತು ಉತ್ತರ ಎರಡೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಉಚಿತವಾಗಿ ದೊರೆಯುತ್ತವೆ. ಕನ್ನಡದಲ್ಲಿ ಸಿಗುವುದಿಲ್ಲ ಎಂಬುದು ನನಗೆ ಸದಾ ಕಾಡುವ ಕೊರತೆ. ಓದುವಾಗ ಉತ್ತರದ ಕೊನೆಯಲ್ಲಿರುವ ಅನುಬಂಧವನ್ನು ಬಿಡಬೇಡಿ. ರಾಜ್ಯವಾರು, ಜಿಲ್ಲಾವಾರು ಅಂಕಿಗಳು ಇರುವುದು ಅಲ್ಲಿಯೇ. ಆ ಹಾಳೆಯ ಪ್ರತಿಯೊಂದನ್ನು ಲಗತ್ತಿಸಿ ನಿಮ್ಮ ಮುಂದಿನ ಮನವಿಯನ್ನು ಸಂಸದರಿಗೆ ಬರೆಯಿರಿ, ಅಧಿವೇಶನ ಆರಂಭವಾಗುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲು.